ಕಾರಿಗೆ ಕರೆಂಟ್ ಟರ್ಬೊ: ಆಗೋ ಮಾತಾ, ಆಗದ ಮಾತಾ?

ನಂದಿ ಬೆಟ್ಟದ ಏರು ಶುರುವಾದ ಮೇಲೆ ಸಣ್ಣ ಪೆಟ್ರೋಲ್ ಕಾರುಗಳ ಬಂಡವಾಳ ಬಯಲಾಗುತ್ತದೆ. ಒಳಗೆ ಐದು ಜನ, ಡಿಕ್ಕಿಯಲ್ಲಿ ತಿಂಡಿ ಡಬ್ಬಿ, ನೀರಿನ ಕ್ಯಾನು. ತಿರುವಿನಲ್ಲಿ ಎರಡನೇ ಗೇರಿಗೆ ಇಳಿಸಿ ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಗಾಡಿ ಏಳಲ್ಲ. ಹಿಂದಿನಿಂದ ಯಾರೋ ಒಬ್ಬರು "ಏಸಿ ಆಫ್ ಮಾಡೋ" ಅಂತಾರೆ.

ಇಂಥ ಕಾರಿನವರ ಫೋನಿಗೆ ಈಗ ಒಂದು ಜಾಹೀರಾತು ಬರುತ್ತಿದೆ. ಅಂಗೈಯಗಲದ ಒಂದು ಫ್ಯಾನು. ಏರ್ ಫಿಲ್ಟರ್ ಪೈಪಿಗೆ ಸಿಕ್ಕಿಸಿ, ಎರಡು ವೈರನ್ನು ಬ್ಯಾಟರಿಗೆ ಕೊಟ್ಟರೆ ಮುಗೀತಂತೆ. ಪವರೂ ಏರುತ್ತದಂತೆ, ಮೈಲೇಜೂ ಏರುತ್ತದಂತೆ. ಇದನ್ನು ಎಲೆಕ್ಟ್ರಿಕ್ ಸೂಪರ್‌ಚಾರ್ಜರ್ ಅಂತಲೋ ಎಲೆಕ್ಟ್ರಿಕ್ ಟರ್ಬೊ ಅಂತಲೋ ಮಾರುತ್ತಾರೆ. ಬೆಲೆ ಒಂದು ಒಳ್ಳೆಯ ಟಯರಿಗಿಂತ ಕಮ್ಮಿ. ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯ ಗ್ಯಾರೇಜುಗಳಲ್ಲಿ "ಇದನ್ನ ಹಾಕಿಕೊಡ್ತೀರಾ ಅಣ್ಣಾ" ಅಂತ ಕೇಳುವ ಹುಡುಗರು ಈಗ ಸಿಗುತ್ತಾರೆ.

ತಲೆ ಕೆಡಿಸುವ ವಿಷಯ ಏನೆಂದರೆ, ಎಲೆಕ್ಟ್ರಿಕ್ ಸೂಪರ್‌ಚಾರ್ಜರ್ ಅನ್ನೋದು ಸುಳ್ಳಲ್ಲ. ಆಡಿಯಲ್ಲಿದೆ, ಮರ್ಸಿಡಿಸ್‌ನಲ್ಲಿದೆ, ಚೆನ್ನಾಗಿ ಕೆಲಸವನ್ನೂ ಮಾಡುತ್ತದೆ. ಹಾಗಾದರೆ ಈ ಡಬ್ಬಿ ಯಾಕೆ ಮಾಡಲ್ಲ? ಉತ್ತರ ಪೂರ್ತಿ ವ್ಯಾಟ್ ಮತ್ತು ಆಂಪ್ ಲೆಕ್ಕದಲ್ಲಿದೆ. ಲೆಕ್ಕ ಕಷ್ಟದ್ದೇನಲ್ಲ, ಬುಡದಿಂದ ನೋಡೋಣ.

ಎಂಜಿನ್ ಉಸಿರಾಡೋದು ಹೇಗೆ

ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಎಥನಾಲ್ ಬೆರೆಸಿದ ಪೆಟ್ರೋಲಾದರೆ ಸ್ವಲ್ಪ ಕಮ್ಮಿ. ಪೆಟ್ರೋಲ್ ಜಾಸ್ತಿ ಹಾಕೋದು ಸುಲಭ, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಸ್ವಲ್ಪ ಹೆಚ್ಚು ಹೊತ್ತು ತೆರೆದರೆ ಆಯಿತು. ಗಾಳಿ ತುಂಬೋದೇ ಕಷ್ಟ. ಎಂಜಿನ್ನಿನ ಪವರನ್ನು ಕಟ್ಟಿಹಾಕೋದು ಪೆಟ್ರೋಲ್ ಅಲ್ಲ, ಗಾಳಿ.

1.2 ಲೀಟರ್ ಎಂಜಿನ್ ಅಂದರೆ ಅದರ ಎಲ್ಲ ಸಿಲಿಂಡರ್‌ಗಳಲ್ಲಿ ಪಿಸ್ಟನ್ ಮೇಲೆ ಕೆಳಗೆ ಓಡಾಡುವ ಜಾಗ ಒಟ್ಟು 1.2 ಲೀಟರ್. ನಾಲ್ಕು ಸ್ಟ್ರೋಕಿನ ಎಂಜಿನ್ ಎರಡು ಸುತ್ತಿಗೆ ಒಮ್ಮೆ ಇಷ್ಟು ಗಾಳಿ ಎಳೆದುಕೊಳ್ಳುತ್ತದೆ. 5000 ಆರ್‌ಪಿಎಂನಲ್ಲಿ ಅಂದರೆ ನಿಮಿಷಕ್ಕೆ 5000 ಸುತ್ತು ತಿರುಗುವಾಗ, ಇದು ನಿಮಿಷಕ್ಕೆ 2500 ಸಲ. ಲೆಕ್ಕ ಹಾಕಿದರೆ ಸೆಕೆಂಡಿಗೆ 50 ಲೀಟರ್. ಪೈಪು, ವಾಲ್ವ್‌ಗಳ ಅಡ್ಡಿ ಕಳೆದರೆ 42 ಲೀಟರ್ ಆಸುಪಾಸು ನಿಜವಾಗಿ ಒಳಗೆ ಹೋಗುತ್ತದೆ. ಈ 42 ಲೀಟರ್ ಅನ್ನೋದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಎಂಜಿನ್ ಗಾಳಿಯನ್ನು "ಎಳೆಯುತ್ತದೆ" ಅಂತೀವಿ. ಅಸಲಿಗೆ ಪಿಸ್ಟನ್ ಕೆಳಗಿಳಿದಾಗ ಹೊರಗಿನ ವಾತಾವರಣದ ಒತ್ತಡವೇ ಗಾಳಿಯನ್ನು ಒಳಕ್ಕೆ ತಳ್ಳುತ್ತದೆ. ಆ ಒತ್ತಡ ಎಲ್ಲ ಕಡೆ ಒಂದೇ ಇರಲ್ಲ. ಮಂಗಳೂರಿನ ಸಮುದ್ರ ತೀರದಲ್ಲಿ ಸುಮಾರು 101 ಕಿಲೋಪಾಸ್ಕಲ್ (ಒತ್ತಡ ಅಳೆಯುವ ಮಾನ). ಚಿಕ್ಕಬಳ್ಳಾಪುರ ಸಮುದ್ರ ಮಟ್ಟದಿಂದ 900 ಮೀಟರ್‌ಗೂ ಮೇಲಿದೆ, ಇಲ್ಲಿ ಸುಮಾರು 91. ನಂದಿ ಬೆಟ್ಟದ ತುದಿ 1478 ಮೀಟರ್, ಅಲ್ಲಿ 85. ಅಂದರೆ ನಮ್ಮೂರಿನ ಎಂಜಿನ್ ಹುಟ್ಟಾ ಹತ್ತು ಪರ್ಸೆಂಟ್ ಉಸಿರು ಕಮ್ಮಿಯಾದದ್ದು. ಬೆಟ್ಟದ ಮೇಲೆ ಇನ್ನೂ ಆರು ಪರ್ಸೆಂಟ್ ಹೋಗುತ್ತದೆ. ನಂದಿಯಲ್ಲಿ ಗಾಡಿ ಏದುಸಿರು ಬಿಡೋದಕ್ಕೆ ಏರು ಒಂದೇ ಕಾರಣ ಅಲ್ಲ.

ಗಾಳಿಯನ್ನು ಒತ್ತಿ ತುಂಬುವ ಮೂರು ದಾರಿ

ಹೊರಗಿನ ಒತ್ತಡ ಸಾಲದಿದ್ದರೆ ನಾವೇ ಗಾಳಿಯನ್ನು ಒತ್ತಿ ತುಂಬಬಹುದು. ಈ ಕೆಲಸ ಮಾಡುವ ಯಂತ್ರ ಕಂಪ್ರೆಸರ್. ಅದನ್ನು ಯಾವುದು ತಿರುಗಿಸುತ್ತದೆ ಅನ್ನೋದರ ಮೇಲೆ ಹೆಸರು ಬದಲಾಗುತ್ತದೆ.

ಎಂಜಿನ್ನಿನ ಕ್ರ್ಯಾಂಕಿನಿಂದ ಬೆಲ್ಟ್ ಅಥವಾ ಗೇರ್ ಹಾಕಿ ತಿರುಗಿಸಿದರೆ ಸೂಪರ್‌ಚಾರ್ಜರ್. ಎರಡನೇ ಮಹಾಯುದ್ಧದ ವಿಮಾನಗಳಲ್ಲಿ ಇದು ಸಾಮಾನ್ಯವಾಗಿತ್ತು, ಎತ್ತರದಲ್ಲಿ ಗಾಳಿ ತೆಳುವಾಗುವ ಕಷ್ಟ ಅವರಿಗೆ ನಮಗಿಂತ ದೊಡ್ಡದಿತ್ತು. ಸೈಲೆನ್ಸರ್ ಕಡೆ ಸುಮ್ನೆ ಹೊರಗೆ ಹೋಗುವ ಬಿಸಿ ಹೊಗೆಯ ರಭಸದಿಂದ ತಿರುಗಿಸಿದರೆ ಟರ್ಬೊಚಾರ್ಜರ್. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಇದಕ್ಕೆ 1905ರಲ್ಲೇ ಪೇಟೆಂಟ್ ತೆಗೆದುಕೊಂಡಿದ್ದರು.

ಟರ್ಬೊದಿಂದ ಎಷ್ಟು ಲಾಭ ಅನ್ನೋದಕ್ಕೆ ನಮ್ಮ ರಸ್ತೆಯ ಕಾರುಗಳೇ ಸಾಕ್ಷಿ. ಟಾಟಾ ಟಿಯಾಗೊದಲ್ಲಿರುವ 1.2 ಲೀಟರ್ ಮೂರು ಸಿಲಿಂಡರ್ ಪೆಟ್ರೋಲ್ ಎಂಜಿನ್ 86 ಎಚ್‌ಪಿ ಆಸುಪಾಸು ಕೊಡುತ್ತದೆ. ನೆಕ್ಸಾನ್‌ನಲ್ಲೂ 1.2 ಲೀಟರೇ, ಮೂರು ಸಿಲಿಂಡರೇ, ಆದರೆ ಟರ್ಬೊ ಇರೋದರಿಂದ 120. ಕೋಲಾರದ ಎಪಿಎಂಸಿಯಿಂದ ಟೊಮೆಟೊ ಹೊತ್ತು ಓಡುವ ಡೀಸೆಲ್ ಪಿಕಪ್‌ಗಳಲ್ಲೂ ಟರ್ಬೊ ಇದ್ದೇ ಇರುತ್ತದೆ.

ಟರ್ಬೊಗೆ ಒಂದು ದೌರ್ಬಲ್ಯ ಇದೆ. ಎಂಜಿನ್ ನಿಧಾನಕ್ಕೆ ತಿರುಗುವಾಗ ಹೊಗೆಯೂ ಕಮ್ಮಿ, ಆಗ ಟರ್ಬೊ ಸಾಕಷ್ಟು ಜೋರಾಗಿ ತಿರುಗಲ್ಲ. ನೀವು ಆಕ್ಸಿಲರೇಟರ್ ಒತ್ತುತ್ತೀರಿ, ಒಂದು ಗಳಿಗೆ ಏನೂ ಆಗಲ್ಲ, ಆಮೇಲೆ ಒಮ್ಮೆಲೇ ಗಾಡಿ ನುಗ್ಗುತ್ತದೆ. ಇದಕ್ಕೆ ಟರ್ಬೊ ಲ್ಯಾಗ್ ಅಂತಾರೆ. ಬೆಟ್ಟದ ತಿರುವಿನಲ್ಲಿ 1500 ಆರ್‌ಪಿಎಂಗೆ ಇಳಿದಾಗ ಇದು ಚೆನ್ನಾಗಿ ಗೊತ್ತಾಗುತ್ತದೆ.

ಮೂರನೇ ದಾರಿ ಹೊಳೆಯೋದು ಇಲ್ಲೇ. ಕಂಪ್ರೆಸರನ್ನು ಕರೆಂಟ್ ಮೋಟಾರಿನಿಂದ ತಿರುಗಿಸಿದರೆ ಹೊಗೆಗೆ ಕಾಯಬೇಕಿಲ್ಲ, ಬೆಲ್ಟೂ ಬೇಡ. ಬೇಕಾದಾಗ ಆನ್, ಬೇಡದಾಗ ಆಫ್. ಯೋಚನೆ ಒಳ್ಳೆಯದೇ.

ಬೋರ್‌ವೆಲ್ ಮೋಟಾರಿನ ಲೆಕ್ಕ

ಕೋಲಾರ, ಚಿಕ್ಕಬಳ್ಳಾಪುರದ ರೈತರಿಗೆ ಮುಂದಿನ ವಿಷಯ ನಾನು ಹೇಳಬೇಕಾಗಿಲ್ಲ. ಸಾವಿರ ಅಡಿ ಕೊರೆಸಿದ ಬೋರಿಗೆ ಮೋಟಾರ್ ಇಳಿಸುವಾಗ ಅವರು ಎರಡು ಪ್ರಶ್ನೆ ಕೇಳುತ್ತಾರೆ. ಎಷ್ಟು ನೀರು ಕೊಡುತ್ತೆ? ಎಷ್ಟು ಆಳದಿಂದ ಎತ್ತುತ್ತೆ? ಎರಡೂ ಬೇರೆ ಬೇರೆ. ಸಂಪಿನಿಂದ ಮನೆ ಟ್ಯಾಂಕಿಗೆ ನೀರು ಹತ್ತಿಸುವ ಪಂಪು ಧಾರಾಳವಾಗಿ ನೀರು ಸುರಿಯಬಹುದು, ಆದರೆ ಅದನ್ನು ಸಾವಿರ ಅಡಿ ಕೆಳಗಿಟ್ಟರೆ ಒಂದು ಹನಿಯೂ ಮೇಲೆ ಬರಲ್ಲ. ಮೋಟಾರ್ ತಿರುಗುತ್ತಲೇ ಇರುತ್ತದೆ, ಸದ್ದೂ ಬರುತ್ತದೆ, ಕರೆಂಟೂ ಹೋಗುತ್ತದೆ. ಆಳದಿಂದ ಎತ್ತಬೇಕಾದರೆ ಒಂದರ ಮೇಲೊಂದು ಸ್ಟೇಜ್ ಜೋಡಿಸಿದ ಸಬ್‌ಮರ್ಸಿಬಲ್ಲೇ ಬೇಕು, ಎಚ್‌ಪಿಯೂ ಅದಕ್ಕೆ ತಕ್ಕಂತೆ ಬೇಕು.

ಗಾಳಿಗೂ ಇದೇ ನಿಯಮ. ಗಾಳಿಯನ್ನು ಬರೀ ಬೀಸೋದು ಬೇರೆ, ಒತ್ತೋದು ಬೇರೆ. ಫ್ಯಾನು ಬೀಸುತ್ತದೆ. ಎಂಜಿನ್ನಿಗೆ ಬೇಕಾದದ್ದು ಒತ್ತಡ. ತಗಲುವ ಪವರ್ ಎಷ್ಟು ಅಂತ ತಿಳಿಯೋಕೆ ಒತ್ತಡವನ್ನೂ ಸೆಕೆಂಡಿಗೆ ಹರಿಯುವ ಗಾಳಿಯನ್ನೂ ಗುಣಿಸಬೇಕು. ಎರಡೂ ಜಾಸ್ತಿ ಬೇಕಾದರೆ ವ್ಯಾಟ್ ಜಾಸ್ತಿ ಕೊಡಲೇಬೇಕು. ಇದರಲ್ಲಿ ಯಾವ ಕಂಪನಿಗೂ ರಿಯಾಯಿತಿ ಇಲ್ಲ.

ಆ ಡಬ್ಬಿಯ ಒಳಗೆ

ಅಂಥ ಒಂದು ಫ್ಯಾನನ್ನು ಬಿಚ್ಚಿ ಟೇಬಲ್ ಮೇಲೆ ಹರಡಿ ನೋಡಿದೆ. ಹೊರಗೆ ಬೆಳ್ಳಿ ಬಣ್ಣ ಬಳಿದ ಪ್ಲಾಸ್ಟಿಕ್ ಕೊಳವೆ. ಮೂರು ಸ್ಕ್ರೂ ತೆಗೆದರೆ ಒಳಗೆ ಪ್ಲಾಸ್ಟಿಕ್ ರೆಕ್ಕೆ, ಅದರ ನಡುವೆ ಪುಟ್ಟ ಮೋಟಾರು. ಕೊಳವೆಯ ಅಗಲದಲ್ಲಿ ಅರ್ಧದಷ್ಟನ್ನು ಆ ಮೋಟಾರೇ ಅಡ್ಡಗಟ್ಟಿದೆ. ರೆಕ್ಕೆಯ ತುದಿಗೂ ಗೋಡೆಗೂ ನಡುವೆ ನಾಣ್ಯ ನುಗ್ಗುವಷ್ಟು ಸಂದು. ಒತ್ತಡ ಕಟ್ಟಿಕೊಂಡರೂ ಆ ಸಂದಿನಿಂದಲೇ ವಾಪಸ್ ಸೋರಿಹೋಗುತ್ತದೆ. ನಿಜವಾದ ಕಂಪ್ರೆಸರಿನಲ್ಲಿ ಈ ಸಂದು ಮಿಲಿಮೀಟರಿನ ಒಂದು ಪಾಲು ಅಷ್ಟೇ.

ನನಗೆ ಎಲ್ಲಕ್ಕಿಂತ ಹೆಚ್ಚು ಹೇಳಿದ್ದು ವೈರು. ಕೆಂಪು ಒಂದು, ಕಪ್ಪು ಒಂದು, ಮನೆಯ ಲೈಟ್ ಪಾಯಿಂಟಿಗೆ ಎಳೆಯುವ ಗಾತ್ರದವು. ಜೊತೆಗೆ 10 ಆಂಪಿನ ಫ್ಯೂಸ್. 12 ವೋಲ್ಟಿನಲ್ಲಿ 10 ಆಂಪ್ ಅಂದರೆ ಫ್ಯೂಸ್ ಹೋಗುವ ಮಟ್ಟದಲ್ಲೂ 120 ವ್ಯಾಟ್. ಓಡುವಾಗ 100 ವ್ಯಾಟ್ ಅಂತ ಉದಾರವಾಗಿ ಇಟ್ಟುಕೊಳ್ಳೋಣ. ಅದೇ ಬಾನೆಟ್ ಕೆಳಗೆ ಬ್ಯಾಟರಿಯಿಂದ ಸ್ಟಾರ್ಟರ್ ಮೋಟಾರಿಗೆ ಹೋಗುವ ಕೇಬಲ್ ಎಷ್ಟು ದಪ್ಪ ಇದೆ ಒಮ್ಮೆ ನೋಡಿ. ಸೂಪರ್‌ಚಾರ್ಜರಿಗೆ ಅದಕ್ಕಿಂತ ದಪ್ಪದ್ದು ಬೇಕು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಈಗ 42 ಲೀಟರನ್ನು ಹೊರಗೆ ತೆಗೆಯೋಣ. 100 ವ್ಯಾಟ್ ಒಂದಿಷ್ಟೂ ಪೋಲಾಗದೆ ಪೂರ್ತಿ ಗಾಳಿಗೆ ಸೇರಿತು ಅಂದುಕೊಂಡರೂ ಸೆಕೆಂಡಿಗೆ 42 ಲೀಟರ್ ಹರಿಯುವಾಗ ಅದು ಏರಿಸಬಲ್ಲ ಒತ್ತಡ 2.4 ಕಿಲೋಪಾಸ್ಕಲ್. ಇಂಥ ಫ್ಯಾನು ಕೊಟ್ಟ ಕರೆಂಟಿನಲ್ಲಿ ನಲವತ್ತು ಪರ್ಸೆಂಟ್ ಗಾಳಿಗೆ ದಾಟಿಸಿದರೆ ದೊಡ್ಡದು. ಹಾಗಾದರೆ ಉಳಿಯೋದು ಒಂದು ಕಿಲೋಪಾಸ್ಕಲಿಗೂ ಸ್ವಲ್ಪ ಕಮ್ಮಿ. ಅಂದರೆ ಒಂದು ಪರ್ಸೆಂಟ್ ಆಸುಪಾಸು.

ಇದನ್ನು ನಂದಿ ಬೆಟ್ಟದ ಮೇಲೆ ಅಳೆದು ನೋಡಿ. ತುದಿಯಿಂದ ಸುಮಾರು 90 ಮೀಟರ್ ಕೆಳಗಿಳಿದರೆ ಗಾಳಿಯ ಒತ್ತಡ ತಾನಾಗಿಯೇ ಇಷ್ಟು ಏರುತ್ತದೆ. ಚಿಕ್ಕಬಳ್ಳಾಪುರಕ್ಕೆ ಇಳಿದು ಬಂದರೆ ಇದರ ಆರು ಪಟ್ಟು, ಪುಕ್ಕಟೆ.

ಇದು ಫ್ಯಾನು ಒಳ್ಳೆಯದಾಗಿದ್ದರೆ ಮಾತ್ರ. ಎಂಜಿನ್ ಕೇಳುವ ಗಾಳಿ ಫ್ಯಾನಿನ ಯೋಗ್ಯತೆಗಿಂತ ಜಾಸ್ತಿ ಆದ ಕ್ಷಣದಿಂದ ಫ್ಯಾನು ಗಾಳಿಯನ್ನು ತಳ್ಳಲ್ಲ. ಗಾಳಿಯೇ ಫ್ಯಾನನ್ನು ತಿರುಗಿಸುತ್ತದೆ. ಆಗ ಅದು ಪೈಪಿಗೆ ಸಿಕ್ಕಿದ ಅಡ್ಡಿ, ಅಷ್ಟೇ.

ಹಾಗಾದರೆ ಎಷ್ಟು ಕರೆಂಟ್ ಬೇಕು

ಅದೇ 1.2 ಲೀಟರ್ ಎಂಜಿನ್. ಮೊದಲು ಒಂದು ಸಣ್ಣ ಆಸೆ ಇಟ್ಟುಕೊಳ್ಳೋಣ. ಪವರ್ ಏರಿಸೋದು ಬೇಡ, ಚಿಕ್ಕಬಳ್ಳಾಪುರದಲ್ಲಿ ಕಳೆದುಹೋದ ಹತ್ತು ಪರ್ಸೆಂಟ್ ಉಸಿರನ್ನು ವಾಪಸ್ ಕೊಟ್ಟು ಮಂಗಳೂರಿನಲ್ಲಿ ಓಡಿದಂತೆ ಓಡಿಸಿದರೆ ಸಾಕು. ಇಷ್ಟಕ್ಕೇ ಸುಮಾರು 0.9 ಕಿಲೋವಾಟ್ ಬೇಕು. ಅಂದರೆ 75 ಆಂಪ್. ಸಣ್ಣ ಕಾರಿನ ಆಲ್ಟರ್ನೇಟರ್, ಅಂದರೆ ಎಂಜಿನ್ ಓಡುವಾಗ ಕರೆಂಟ್ ತಯಾರಿಸುವ ಡೈನಮೊ, ಪೂರ್ತಿ ದುಡಿದರೆ ಕೊಡೋದು 70ರಿಂದ 90 ಆಂಪ್. ಅದರಲ್ಲೇ ಹೆಡ್‌ಲೈಟ್, ಪೆಟ್ರೋಲ್ ಪಂಪ್, ರೇಡಿಯೇಟರ್ ಫ್ಯಾನ್, ಏಸಿ ಬ್ಲೋವರ್ ಎಲ್ಲ ನಡೀಬೇಕು. ಬರೀ ನಷ್ಟ ತುಂಬೋದಕ್ಕೇ ಡೈನಮೊ ಖಾಲಿ.

ಈಗ ನಿಜವಾದ ಬೂಸ್ಟ್. ಅರ್ಧ ಬಾರ್, ಅಂದರೆ ವಾತಾವರಣದ ಒತ್ತಡದ ಸುಮಾರು ಅರ್ಧದಷ್ಟನ್ನು ಹೆಚ್ಚುವರಿಯಾಗಿ ತುಂಬೋದು. ಟರ್ಬೊ ಕಾರುಗಳಿಗೆ ಇದು ದೊಡ್ಡ ಬೂಸ್ಟೇನಲ್ಲ. 5000 ಆರ್‌ಪಿಎಂನಲ್ಲಿ ಇಷ್ಟು ಕೊಡಲು ಕಂಪ್ರೆಸರಿಗೆ ಮೂರೂವರೆ ಕಿಲೋವಾಟ್ ಹತ್ತಿರ ಬೇಕು. ಮೋಟಾರಿನ ನಷ್ಟ ಸೇರಿಸಿದರೆ 4. ಹೊಲದ ಭಾಷೆಯಲ್ಲಿ ಹೇಳೋದಾದರೆ 5 ಎಚ್‌ಪಿ ಬೋರ್ ಮೋಟಾರು, ಅದು 3.7 ಕಿಲೋವಾಟ್. ತ್ರೀ ಫೇಸ್ ಬಂದರೆ ಮಾತ್ರ ಎಳೆಯುವ ಆ ಮೋಟಾರನ್ನು ಕಾರಿನ 12 ವೋಲ್ಟ್ ಬ್ಯಾಟರಿಯಿಂದ ಓಡಿಸಿ ಅಂದರೆ ಯಾರಾದರೂ ನಗುತ್ತಾರೆ ಅಲ್ವಾ? ಲೆಕ್ಕವೂ ಅದನ್ನೇ ಹೇಳುತ್ತದೆ. 4000 ವ್ಯಾಟನ್ನು 12ರಿಂದ ಭಾಗಿಸಿ, 330 ಆಂಪಿಗೂ ಮೇಲೆ. ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡುವಾಗ ಸ್ಟಾರ್ಟರ್ ಮೋಟಾರು ಎಳೆಯೋದು ಇದಕ್ಕಿಂತ ಕಮ್ಮಿ, ಅದೂ ಒಂದೆರಡು ಸೆಕೆಂಡ್. ಆ ಹೊತ್ತಿನಲ್ಲೇ ಡ್ಯಾಶ್‌ಬೋರ್ಡ್ ದೀಪ ಮಂಕಾಗೋದನ್ನು ನೋಡಿರುತ್ತೀರಿ.

ಆದರೂ ಈ ಯೋಚನೆಯನ್ನು ಕಂಪನಿಗಳು ಕೈಬಿಟ್ಟಿಲ್ಲ, ಅದಕ್ಕೆ ಕಾರಣ ಇದೆ. 4 ಕಿಲೋವಾಟನ್ನು ಚಕ್ರಕ್ಕೆ ಹಾಕಿದರೆ ಸಿಗೋದು 5 ಎಚ್‌ಪಿ. ಅದನ್ನೇ ಗಾಳಿ ಒತ್ತೋಕೆ ಹಾಕಿ, ಅದಕ್ಕೆ ತಕ್ಕ ಪೆಟ್ರೋಲ್ ಕೊಟ್ಟರೆ ಎಂಜಿನ್ನಿನಿಂದ 20 ಎಚ್‌ಪಿ ಆಸುಪಾಸು ಜಾಸ್ತಿ ಬರುತ್ತದೆ. ಕೆಲಸ ಮಾಡೋದು ಪೆಟ್ರೋಲೇ, ಕರೆಂಟು ಅದಕ್ಕೆ ದಾರಿ ಮಾಡಿಕೊಡುತ್ತದೆ. ಅಷ್ಟು ಕರೆಂಟನ್ನು ತರೋದು ಎಲ್ಲಿಂದ ಅನ್ನೋದೊಂದೇ ಪ್ರಶ್ನೆ.

ಆಡಿಯವರು ತಂದದ್ದು ಎಲ್ಲಿಂದ

2016ರಲ್ಲಿ ಬಂದ ಆಡಿ ಎಸ್‌ಕ್ಯೂ7 ಡೀಸೆಲ್ ಕಾರಿನಲ್ಲಿ 4 ಲೀಟರಿನ ವಿ8 ಎಂಜಿನ್. ಅದಕ್ಕೆ ಎರಡು ಮಾಮೂಲಿ ಟರ್ಬೊ, ಜೊತೆಗೆ ಫ್ರಾನ್ಸಿನ ವ್ಯಾಲಿಯೊ ಕಂಪನಿಯ ಒಂದು ಎಲೆಕ್ಟ್ರಿಕ್ ಕಂಪ್ರೆಸರ್. ಅದರ ಮೋಟಾರು 7 ಕಿಲೋವಾಟ್. ಸೆಕೆಂಡಿನ ಕಾಲು ಭಾಗದಲ್ಲಿ 70,000 ಆರ್‌ಪಿಎಂ ಮುಟ್ಟುತ್ತದೆ. ನಮ್ಮ ಟೇಬಲ್ ಮೇಲಿನ ಫ್ಯಾನಿನ 100 ವ್ಯಾಟನ್ನು ಇದರ ಪಕ್ಕ ಇಟ್ಟು ನೋಡಿ, ಎಪ್ಪತ್ತು ಪಟ್ಟು.

ಮುಖ್ಯ ವಿಷಯ ಮೋಟಾರಲ್ಲ, ಅದಕ್ಕೆ ಕರೆಂಟ್ ಕೊಡುವ ವ್ಯವಸ್ಥೆ. ಆ ಕಾರಿನಲ್ಲಿ 12 ವೋಲ್ಟಿನ ಜೊತೆ 48 ವೋಲ್ಟಿನ ಬೇರೊಂದು ಜಾಲ ಇದೆ, ಅದಕ್ಕೇ ಒಂದು ಲಿಥಿಯಂ ಬ್ಯಾಟರಿ. 7 ಕಿಲೋವಾಟನ್ನು 12 ವೋಲ್ಟಿನಲ್ಲಿ ಕೊಡಬೇಕಾದರೆ 580 ಆಂಪ್ ಹರಿಯಬೇಕು. 48 ವೋಲ್ಟಿನಲ್ಲಾದರೆ 146 ಸಾಕು. ವೈರು ಕಾಯೋದು ಆಂಪಿನ ವರ್ಗಕ್ಕೆ ತಕ್ಕಂತೆ. ಹಾಗಾಗಿ ಆಂಪ್ ನಾಲ್ಕನೇ ಒಂದಾದರೆ ಅದೇ ವೈರಿನಲ್ಲಿ ಪೋಲಾಗುವ ಶಾಖ ಹದಿನಾರನೇ ಒಂದಾಗುತ್ತದೆ. ಊರಾಚೆಯ ಲೈನಿನಲ್ಲಿ 11,000 ವೋಲ್ಟ್ ಯಾಕೆ ಹರಿಸುತ್ತಾರೋ ಇಲ್ಲೂ ಅದೇ ಕಾರಣ.

ಇನ್ನೊಂದು ಜಾಣತನ ಇದೆ, ನನಗೆ ಇದೇ ಹೆಚ್ಚು ಇಷ್ಟ. ಆಡಿಯವರು ಆ ಕಂಪ್ರೆಸರನ್ನು ಸದಾ ಓಡಿಸಲ್ಲ. ನಿಂತ ಗಾಡಿ ಹೊರಡುವಾಗ, ಕಮ್ಮಿ ಆರ್‌ಪಿಎಂನಲ್ಲಿ ಒಮ್ಮೆಲೇ ಆಕ್ಸಿಲರೇಟರ್ ಒತ್ತಿದಾಗ, ಕೆಲವು ಕ್ಷಣ ಮಾತ್ರ. ಅಷ್ಟರಲ್ಲಿ ಹೊಗೆ ಜಾಸ್ತಿಯಾಗಿ ಮಾಮೂಲಿ ಟರ್ಬೊ ಎಚ್ಚರಗೊಳ್ಳುತ್ತದೆ, ಕರೆಂಟಿನದು ಸುಮ್ಮನಾಗುತ್ತದೆ. ಕಮ್ಮಿ ಆರ್‌ಪಿಎಂನಲ್ಲಿ ಎಂಜಿನ್ ಕೇಳುವ ಗಾಳಿಯೇ ಕಮ್ಮಿ, ಹಾಗಾಗಿ ಕರೆಂಟೂ ಕಮ್ಮಿ ಸಾಕು. ನಮ್ಮ 1.2 ಲೀಟರ್ ಎಂಜಿನ್ನನ್ನೇ ತೆಗೆದುಕೊಂಡರೆ, ಅರ್ಧ ಬಾರ್ ಬೂಸ್ಟಿಗೆ 5000 ಆರ್‌ಪಿಎಂನಲ್ಲಿ 4 ಕಿಲೋವಾಟ್ ಬೇಕಿದ್ದದ್ದು 2000ದಲ್ಲಿ ಎರಡಕ್ಕಿಂತ ಕಮ್ಮಿಯಾಗುತ್ತದೆ. ಕರೆಂಟಿನ ಸೂಪರ್‌ಚಾರ್ಜರ್ ಟರ್ಬೊಗೆ ಬದಲಿಯಾಗಿ ಬಂದದ್ದಲ್ಲ, ಅದು ಎದ್ದೇಳುವ ತನಕ ಕೆಲಸ ನೋಡಿಕೊಳ್ಳಲು ಬಂದದ್ದು.

ಆಮೇಲೆ ಬಂದವರು ಮೋಟಾರನ್ನು ಟರ್ಬೊ ಒಳಗೇ ಸೇರಿಸಿಬಿಟ್ಟರು. 2022ರ ಮರ್ಸಿಡಿಸ್ ಎಎಂಜಿ ಎಸ್‌ಎಲ್ 43ರಲ್ಲಿ ಟರ್ಬೊದ ಶಾಫ್ಟ್ ಮೇಲೆಯೇ ಸುಮಾರು 4 ಸೆಂಟಿಮೀಟರ್ ದಪ್ಪದ ಮೋಟಾರಿದೆ, ಅದೂ 48 ವೋಲ್ಟಿನದು. ಪೋರ್ಷೆಯ 2024ರ 911 ಜಿಟಿಎಸ್ ಹೈಬ್ರಿಡ್‌ನಲ್ಲಿ 400 ವೋಲ್ಟ್. ಅಲ್ಲಿ ಟರ್ಬೊಗೆ ಹೊಗೆಯ ರಭಸ ಬೇಕಾದ್ದಕ್ಕಿಂತ ಜಾಸ್ತಿಯಾದಾಗ ಅದೇ ಮೋಟಾರು ಜನರೇಟರಾಗಿ 11 ಕಿಲೋವಾಟ್‌ವರೆಗೆ ಕರೆಂಟ್ ವಾಪಸ್ ಕೊಡುತ್ತದೆ. ಫಾರ್ಮುಲಾ ಒನ್ ಕಾರುಗಳಲ್ಲಿ 2014ರಿಂದ 2025ರವರೆಗೆ ಇಂಥದ್ದೇ ವ್ಯವಸ್ಥೆ ಇತ್ತು.

ನಮ್ಮ ಕಾರಿಗೆ ನಿಜವಾದದ್ದನ್ನೇ ಹಾಕಿಸಿದರೆ?

ತಾಂತ್ರಿಕವಾಗಿ ಆಗುತ್ತದೆ. ಕೆಲವು ಕಿಲೋವಾಟಿನ ಮೋಟಾರು, ಲೋಹದ ಇಂಪೆಲ್ಲರ್ (ಗಾಳಿ ಒತ್ತುವ ರೆಕ್ಕೆಚಕ್ರ) ಇರುವ ಕಂಪ್ರೆಸರ್, ಅದಕ್ಕೇ ಬೇರೆ ಬ್ಯಾಟರಿ ಪ್ಯಾಕ್, ದಪ್ಪ ಕೇಬಲ್, ಕಂಟ್ರೋಲರ್. ಜೊತೆಗೆ ಒಂದು ಬೈಪಾಸ್ ವಾಲ್ವ್ ಬೇಕೇ ಬೇಕು. ಕಂಪ್ರೆಸರ್ ನಿಂತಿರುವಾಗ ಗಾಳಿ ಅದರೊಳಗಿಂದ ಹಾಯಬೇಕಾದರೆ ಎಂಜಿನ್ ಉಸಿರು ಕಟ್ಟುತ್ತದೆ, ಸುತ್ತು ಹಾಕಿ ಹೋಗಲು ದಾರಿ ಇರಬೇಕು.

ಬ್ಯಾಟರಿ ವಿಷಯದಲ್ಲಿ ಒಂದು ಸ್ವಾರಸ್ಯ ಇದೆ. ಸಣ್ಣ ಕಾರಿನ 35 ಆಂಪ್ ಅವರ್ ಬ್ಯಾಟರಿಯಲ್ಲಿ ಲೆಕ್ಕದ ಪ್ರಕಾರ 420 ವ್ಯಾಟ್ ಅವರ್ ಶಕ್ತಿ ಇರುತ್ತದೆ. 4 ಕಿಲೋವಾಟನ್ನು 10 ಸೆಕೆಂಡ್ ಬಳಸಿದರೆ ಖರ್ಚಾಗೋದು ಬರೀ 11. ಅಂದರೆ ಹೈವೇ 44ರಲ್ಲಿ ಒಂದು ಲಾರಿಯನ್ನು ಓವರ್‌ಟೇಕ್ ಮಾಡಲು ಶಕ್ತಿ ಧಾರಾಳವಾಗಿದೆ. ಆದರೆ ಸೀಸದ ಬ್ಯಾಟರಿ ಅದನ್ನು ಅಷ್ಟು ವೇಗವಾಗಿ ಹೊರಗೆ ಬಿಡಲ್ಲ. 330 ಆಂಪ್ ಎಳೆದರೆ ವೋಲ್ಟೇಜ್ ಕುಸಿಯುತ್ತದೆ, ಎಂಜಿನ್ನಿನ ಕಂಪ್ಯೂಟರೇ ಗಲಿಬಿಲಿಯಾಗಬಹುದು. ಅದಕ್ಕೇ ಲಿಥಿಯಂ ಪ್ಯಾಕ್ ಬೇಕು ಅನ್ನೋದು. ಆಮೇಲೆ ಆ 11 ವ್ಯಾಟ್ ಅವರನ್ನು ವಾಪಸ್ ತುಂಬಲು, ಡೈನಮೊದಲ್ಲಿ 300 ವ್ಯಾಟ್ ಮಿಗುತ್ತದೆ ಅಂದುಕೊಂಡರೂ, ಎರಡು ನಿಮಿಷಕ್ಕೂ ಜಾಸ್ತಿ ಬೇಕು.

ನಂದಿ ಏರಿಗೆ ಇದು ಸಾಲಲ್ಲ. ಹತ್ತು ನಿಮಿಷ ಬಿಡದೆ ಪೂರ್ತಿ ಬೂಸ್ಟ್ ಕೇಳಿದರೆ ಸುಮಾರು 670 ವ್ಯಾಟ್ ಅವರ್ ಬೇಕು. ಓವರ್‌ಟೇಕಿಗೆ ಸರಿಹೋಗುವ ಯಂತ್ರ ಬೆಟ್ಟಕ್ಕೆ ಸರಿಹೋಗಲ್ಲ. ಅಷ್ಟು ದೊಡ್ಡ ಬ್ಯಾಟರಿ ಇಡೋದೇ ಆದರೆ ಹೈಬ್ರಿಡ್ ಕಾರುಗಳ ಹಾಗೆ ಮೋಟಾರನ್ನು ಚಕ್ರಕ್ಕೇ ಜೋಡಿಸೋದು ಸರಳ. ಬಹುಪಾಲು ಕಂಪನಿಗಳು ಹಿಡಿದ ದಾರಿಯೂ ಅದೇ.

ಗಾಳಿ ತುಂಬಿದ ಮೇಲಿನ ಕಥೆ

ಕರೆಂಟ್ ಸಮಸ್ಯೆ ಬಗೆಹರಿಯಿತು ಅಂತಲೇ ಇಟ್ಟುಕೊಳ್ಳಿ. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. 27 ಡಿಗ್ರಿಯ ಗಾಳಿಯನ್ನು ಅರ್ಧ ಬಾರ್ ಒತ್ತಿದರೆ 80 ಡಿಗ್ರಿ ದಾಟುತ್ತದೆ. ಬಿಸಿ ಗಾಳಿ ಹಿಗ್ಗುತ್ತದೆ, ಹಾಗಾಗಿ ಒತ್ತಡ ಐವತ್ತು ಪರ್ಸೆಂಟ್ ಏರಿದರೂ ಗಾಳಿಯ ತೂಕ ಏರೋದು ಇಪ್ಪತ್ತೈದರ ಆಸುಪಾಸು. ಅದಕ್ಕೇ ಟರ್ಬೊ ಕಾರುಗಳ ಮುಂದುಗಡೆ ಇಂಟರ್‌ಕೂಲರ್ ಅನ್ನೋ ಸಣ್ಣ ರೇಡಿಯೇಟರ್ ಇರುತ್ತದೆ, ಒತ್ತಿದ ಗಾಳಿಯನ್ನು ತಣಿಸಲು.

ಬಿಸಿ ಗಾಳಿಯ ಇನ್ನೊಂದು ತೊಂದರೆ ನಾಕಿಂಗ್. ಪೆಟ್ರೋಲ್ ಮಿಶ್ರಣ ಸ್ಪಾರ್ಕ್ ಪ್ಲಗ್ಗಿನಿಂದ ಹತ್ತಿಕೊಂಡು ಸಾಲಾಗಿ ಉರಿಯಬೇಕು. ಒತ್ತಡವೂ ಶಾಖವೂ ಮಿತಿ ಮೀರಿದರೆ ಮೂಲೆಯಲ್ಲಿ ಉಳಿದ ಮಿಶ್ರಣ ತಾನಾಗಿಯೇ ಸಿಡಿಯುತ್ತದೆ. ಟಿಕಟಿಕ ಸದ್ದು ಕೇಳುತ್ತದೆ. ಹೀಗೇ ಓಡಿಸಿದರೆ ಪಿಸ್ಟನ್ ತಲೆ ತೂತು ಬೀಳುವ ತನಕ ಹೋಗಬಹುದು. ಟರ್ಬೊ ಇಲ್ಲದ ಈಗಿನ ಪೆಟ್ರೋಲ್ ಎಂಜಿನ್‌ಗಳು ಮೈಲೇಜಿಗಾಗಿ ಗಾಳಿಯನ್ನು ಸಿಲಿಂಡರಿನೊಳಗೇ ಹನ್ನೊಂದು, ಹನ್ನೆರಡು ಪಟ್ಟು ಒತ್ತುತ್ತವೆ. ಅದರ ಮೇಲೆ ಬೂಸ್ಟ್ ಬೇರೆ ಹೇರಿದರೆ ತಡೆಯಲು ಜಾಗವೇ ಉಳಿದಿರಲ್ಲ. ಕಂಪನಿಯವರು ಟರ್ಬೊ ಎಂಜಿನ್ ಮಾಡುವಾಗ ಈ ಅನುಪಾತವನ್ನೇ ಇಳಿಸುತ್ತಾರೆ, ಪಿಸ್ಟನ್ ಗಟ್ಟಿ ಮಾಡುತ್ತಾರೆ, ಇಂಜೆಕ್ಟರ್ ದೊಡ್ಡದು ಹಾಕುತ್ತಾರೆ, ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರಿನ ಪ್ರೋಗ್ರಾಮನ್ನೂ ಬೇರೆ ಬರೆಯುತ್ತಾರೆ. ಟಿಯಾಗೊಗೂ ನೆಕ್ಸಾನ್‌ಗೂ ನಡುವಿನ ವ್ಯತ್ಯಾಸ ಬರೀ ಒಂದು ಟರ್ಬೊ ಅಲ್ಲ.

"ಹಾಕಿದ ಮೇಲೆ ಪಿಕಪ್ ಬಂತು" ಅನ್ನೋರು

ಅವರು ಸುಳ್ಳು ಹೇಳುತ್ತಿದ್ದಾರೆ ಅಂತ ನಾನು ಅನ್ನಲ್ಲ. ಫ್ಯಾನು ಹಾಕುವಾಗ ಧೂಳು ಹಿಡಿದ ಏರ್ ಫಿಲ್ಟರನ್ನೂ ಬದಲಿಸಿರುತ್ತಾರೆ. ಕ್ರಷರ್ ಧೂಳಿನ ನಮ್ಮ ರಸ್ತೆಗಳಲ್ಲಿ ಓಡಿದ ಫಿಲ್ಟರನ್ನು ಬದಲಿಸಿದರೆ ವ್ಯತ್ಯಾಸ ಗೊತ್ತಾಗಬಹುದು, ಅದರ ಪುಣ್ಯ ಫ್ಯಾನಿಗೆ ಹೋಗುತ್ತದೆ. ಬಾನೆಟ್ ಒಳಗಿಂದ ಹೊಸದಾಗಿ ಸುಯ್ ಅನ್ನೋ ಸದ್ದು ಬಂದರೆ ಗಾಡಿ ಜೋರಾದಂತೆ ಅನಿಸೋದೂ ಉಂಟು. ದುಡ್ಡು ಕೊಟ್ಟ ಮೇಲೆ ಕಾಲು ಕೂಡ ಸ್ವಲ್ಪ ಜಾಸ್ತಿಯೇ ಒತ್ತುತ್ತದೆ.

ಮೈಲೇಜಿನ ಮಾತು ಇನ್ನೂ ದುರ್ಬಲ. ಮಾಮೂಲಿಯಾಗಿ ಓಡಿಸುವಾಗ ಆಕ್ಸಿಲರೇಟರನ್ನು ಅರ್ಧವೂ ಒತ್ತಿರಲ್ಲ. ಅಂದರೆ ಥ್ರಾಟಲ್ ಅನ್ನೋ ಬಾಗಿಲನ್ನು ನೀವೇ ಮುಕ್ಕಾಲು ಮುಚ್ಚಿಕೊಂಡು ಗಾಳಿ ಕಮ್ಮಿ ಮಾಡಿರುತ್ತೀರಿ. ಆ ಬಾಗಿಲ ಹಿಂದೆ ಫ್ಯಾನಿಟ್ಟು ಗಾಳಿ ತಳ್ಳೋದಕ್ಕೆ ಅರ್ಥವಿಲ್ಲ, ಜಾಸ್ತಿ ಗಾಳಿ ಬೇಕಿದ್ದರೆ ಪೆಡಲ್ ಒತ್ತಿದರೆ ಸಾಕು.

ಹಾನಿಯೂ ಇದೆ. ಫ್ಯಾನಿನ ಗಾಳಿ ಸುಳಿಯಾಗಿ ತಿರುಗಿದರೆ ಗಾಳಿ ಅಳೆಯುವ ಸೆನ್ಸರ್ ತಪ್ಪು ಲೆಕ್ಕ ಕೊಡಬಹುದು. 2020ರ ಏಪ್ರಿಲಿನಿಂದ ಬಂದ ಬಿಎಸ್6 ಗಾಡಿಗಳು ಇಂಥದ್ದನ್ನು ಬೇಗ ಹಿಡಿದು ಚೆಕ್ ಎಂಜಿನ್ ದೀಪ ಹೊತ್ತಿಸುತ್ತವೆ. ಪ್ಲಾಸ್ಟಿಕ್ ರೆಕ್ಕೆಯ ಚೂರು ಮುರಿದರೆ ಅದು ಹೋಗುವ ದಿಕ್ಕು ಒಂದೇ, ಎಂಜಿನ್ ಕಡೆಗೆ. ವಾರಂಟಿ ಇರುವ ಗಾಡಿಯಾದರೆ ಶೋರೂಮಿನವರಿಗೆ ಇದೊಂದು ನೆಪ ಸಾಕು. ಇನ್ನು ದೊಡ್ಡ ಮಾರ್ಪಾಡು ಮಾಡಿಸುವವರು ಮೋಟಾರು ವಾಹನ ಕಾಯ್ದೆ, 1988ರ 52ನೇ ಸೆಕ್ಷನ್ ನೋಡಬೇಕು. ಆರ್‌ಸಿಯಲ್ಲಿರುವ ವಿವರಗಳು ಕಂಪನಿ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸೋದನ್ನು ಅದು ನಿಷೇಧಿಸುತ್ತದೆ.

ಬೈಕಿಗೆ?

ಈ ಫ್ಯಾನನ್ನು ಬೈಕಿಗೂ ಮಾರುತ್ತಾರೆ. ಅಲ್ಲಿ ಲೆಕ್ಕ ಇನ್ನೂ ಬಿಗಿ. ಬೈಕಿನ ಬ್ಯಾಟರಿಯೂ ಚಿಕ್ಕದು, ಕರೆಂಟ್ ಹುಟ್ಟಿಸುವ ಕಾಯಿಲೂ ಚಿಕ್ಕದು. ಹೆಡ್‌ಲೈಟ್, ಇಂಜೆಕ್ಷನ್, ಇಗ್ನಿಷನ್‌ಗೆ ಕೊಟ್ಟು ಮಿಗೋದು ಅಷ್ಟಕ್ಕಷ್ಟೇ. ಮೇಲಾಗಿ ಒಂದೇ ಸಿಲಿಂಡರ್ ಎಂಜಿನ್ ಗಾಳಿಯನ್ನು ಒಂದೇ ಸಮ ಎಳೆಯಲ್ಲ, ಬಿಟ್ಟು ಬಿಟ್ಟು ಎಳೆಯುತ್ತದೆ. ನಡುವಿನ ಹೊತ್ತಿನಲ್ಲಿ ಫ್ಯಾನು ಮುಚ್ಚಿದ ವಾಲ್ವಿನ ಮುಂದೆ ಸುಮ್ನೆ ತಿರುಗುತ್ತಿರುತ್ತದೆ.

ಆದರೆ ನಿಜವಾದದ್ದು ಬೈಕಿಗೂ ಬರುವ ಸೂಚನೆ ಇದೆ. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಸ್ಕೂಟರ್ ಕಾರ್ಖಾನೆ ಇಟ್ಟಿರುವ ಅದೇ ಹೋಂಡಾ ಕಂಪನಿ, 2024ರಲ್ಲಿ ಇಟಲಿಯ ಮಿಲಾನ್ ಮೇಳದಲ್ಲಿ ಮೂರು ಸಿಲಿಂಡರಿನ ವಿ3 ಎಂಜಿನ್ ತೋರಿಸಿತು, ಎಲೆಕ್ಟ್ರಿಕ್ ಕಂಪ್ರೆಸರ್ ಜೊತೆಗೆ. ಆರ್‌ಪಿಎಂ ಎಷ್ಟೇ ಇರಲಿ, ಬೂಸ್ಟನ್ನು ಬೇಕಾದ ಹಾಗೆ ಹಿಡಿತದಲ್ಲಿ ಇಟ್ಟುಕೊಳ್ಳಬಹುದು ಅನ್ನೋದೇ ಅದರ ವಿಶೇಷ. ಅದು ದೊಡ್ಡ ಬೈಕುಗಳಿಗೆ ಅಂತ ಬುಡದಿಂದ ಹೊಸದಾಗಿ ಮಾಡಿದ ಎಂಜಿನ್. ಅದರ ಕಂಪ್ರೆಸರನ್ನೇ ಬಿಚ್ಚಿ ತಂದು 150 ಸಿಸಿ ಬೈಕಿಗೆ ಸಿಕ್ಕಿಸಿದರೂ ಅದನ್ನು ತಿರುಗಿಸುವಷ್ಟು ಕರೆಂಟ್ ಆ ಬೈಕಿನಲ್ಲಿ ಇರಲ್ಲ.